ಹೆಸರು ಹೇಳಬಾರದ ಬಳ್ಳಿ

ಯಾರೋ ನನ್ನ ಬಳ್ಳಿಯನ್ನು ಕದಿಯುತ್ತಿದ್ದರು.

ಸಯನ್ ಕೋಟೆಯ ಗುಡ್ಡದ ಬುಡದಲ್ಲಿ ಒಂದು ಹಳೆಯ ಬೇವಿನ ಮರವಿತ್ತು. ನಮ್ಮ ಚಾಳಿನಿಂದ ಹತ್ತು ನಿಮಿಷದ ದಾರಿ. ಆ ಮರದ ಮೈತುಂಬ ಬಳ್ಳಿ ಹಬ್ಬಿತ್ತು. ಶ್ರಾವಣದ ಮೊದಲ ಸೋಮವಾರ ನಾನು ಅದರಿಂದ ಗೇಣುದ್ದದ ತುಂಡೊಂದನ್ನು ಬ್ಲೇಡಿನಿಂದ ಕೊಯ್ದು ತಂದಾಗ ಇಡೀ ಸಯನ್ನಿಗೆ ಸಾಕಾಗುವಷ್ಟು ಬಳ್ಳಿ ಅಲ್ಲಿತ್ತು. ಹದಿನೈದು ದಿನ ಕಳೆಯುವುದರೊಳಗೆ ಕೈಗೆಟಕುವ ಎತ್ತರದವರೆಗೆ ಮರ ಬೋಳಾಗಿತ್ತು. ಒಂದು ಕಡೆ ಕುಡುಗೋಲಿನಿಂದ ಕೊಯ್ದ ಗುರುತು, ಇನ್ನೊಂದು ಕಡೆ ಯಾರೋ ಕೈಯಿಂದಲೇ ತಿರುಚಿ ಕಿತ್ತ ಗುರುತು. ನನ್ನ ಮೈಯೆಲ್ಲ ಉರಿದುಹೋಯಿತು. ಮುಂಬಯಿಯಲ್ಲಿ ನಲ್ಲಿಯ ನೀರು ಕದಿಯುತ್ತಾರೆ, ಒಣಹಾಕಿದ ಸೀರೆ ಕದಿಯುತ್ತಾರೆ, ಅದು ಗೊತ್ತಿತ್ತು. ಕಹಿ ಬಳ್ಳಿಯನ್ನು ಕದಿಯುವ ದರಿದ್ರರು ಯಾರು?

ಅದು ಎಪ್ಪತ್ತೊಂದನೆಯ ಇಸವಿ. ನಮ್ಮವರು ಪರೇಲಿನ ಒಂದು ಮಿಲ್ಲಿನಲ್ಲಿ ಬದಲಿ ಕೆಲಸಗಾರರು. ಬದಲಿ ಎಂದರೆ ದಿನಾ ಬೆಳಿಗ್ಗೆ ಗೇಟಿನ ಮುಂದೆ ನಿಲ್ಲಬೇಕು. ಕಾಯಂ ಆದವನೊಬ್ಬ ಬಾರದಿದ್ದರೆ ಅವತ್ತು ಕೆಲಸ, ಎಲ್ಲರೂ ಬಂದರೆ ಬಂದ ದಾರಿಗೆ ಸುಂಕವಿಲ್ಲ ಎಂದು ಮನೆಗೆ ವಾಪಸ್. ಆರು ವರ್ಷ ಹೀಗೆ ನಿಂತ ಮೇಲೆ ಪರ್ಮನೆಂಟ್ ಆಗುವವರ ಪಟ್ಟಿಯಲ್ಲಿ ಅವರ ಹೆಸರು ಬಂತು. ಅಕ್ಟೋಬರ್ ಒಂದನೇ ತಾರೀಖು ಮಿಲ್ಲಿನ ಡಾಕ್ಟರ ಮುಂದೆ ನಿಲ್ಲಬೇಕು. ಜ್ವರ, ಕೆಮ್ಮು ಇರಬಾರದು. ತೂಕ ನಲವತ್ತೆಂಟು ಕಿಲೋಕ್ಕಿಂತ ಕಡಿಮೆ ಇರಬಾರದು. ತಪ್ಪಿದರೆ ಹೆಸರು ಪಟ್ಟಿಯ ತುದಿಗೆ, ಮತ್ತೆ ಆರು ವರ್ಷ ಗೇಟು ಕಾಯುವುದು.

ಆ ಪಟ್ಟಿ ಬರುವ ಮೊದಲೇ ಟೈಫಾಯಿಡ್ ಬಂದು ಹೋಗಿತ್ತು. ಐವತ್ತೈದು ಕಿಲೋ ಇದ್ದ ಮನುಷ್ಯ ನಲವತ್ತಾರಕ್ಕೆ ಇಳಿದಿದ್ದರು. ಜ್ವರ ಬಿಟ್ಟಿತು, ಆದರೆ ಮೈ ಮಾತ್ರ ಬಾಗಿಲಿಲ್ಲದ ಮನೆಯಾಯಿತು. ನಾಲ್ಕು ಹನಿ ಮಳೆಗೆ ನೆಗಡಿ, ನೆಗಡಿಯ ಹಿಂದೆ ಕೆಮ್ಮು, ಕೆಮ್ಮಿನ ಹಿಂದೆ ಸಣ್ಣ ಜ್ವರ. ರೋಗವನ್ನು ತಡೆಯುವ ಶಕ್ತಿಯೇ ಮೈಯಲ್ಲಿ ಉಳಿದಿಲ್ಲ, ಚೆನ್ನಾಗಿ ಉಣ್ಣಿಸಿ ಎಂದು ಡಾಕ್ಟರು ಹೇಳಿ ಕಳಿಸಿದರು. ಉಣ್ಣಿಸಿದರೆ ಮಾತ್ರ ಶಕ್ತಿ ಬರುತ್ತದೆಯೇ? ನಾನು ಬಸವಂತರಾಯನ ಮಗಳು. ಆಳಂದದ ಕಡೆ ನಮ್ಮಪ್ಪನ ಕೈಗುಣ ಕೇಳಿ ಹತ್ತು ಹಳ್ಳಿಯ ಜನ ಬರುತ್ತಿದ್ದರು. ಜ್ವರ ಬಿಟ್ಟು ಸೊರಗಿದವರಿಗೆ ಅಪ್ಪ ಕೊಡುತ್ತಿದ್ದದ್ದು ಇದೇ ಬಳ್ಳಿ. ಜಜ್ಜಿ, ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬೆಳಿಗ್ಗೆ ಹಿಂಡಿ, ಜೇನು ಬೆರೆಸಿ ಖಾಲಿ ಹೊಟ್ಟೆಗೆ. ಬಳ್ಳಿಯ ಹೆಸರನ್ನು ಯಾರಿಗೂ ಹೇಳುವಂತಿಲ್ಲ. ಹೇಳಿದರೆ ಔಷಧದ ಬಲ ಹೋಗುತ್ತದೆ ಎಂದು ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿಕೊಟ್ಟಿದ್ದ.

ಹೆಸರು ಬಚ್ಚಿಡುವುದೇನು ನನಗೆ ಕಷ್ಟವಲ್ಲ. ಗಂಡನ ಹೆಸರನ್ನೇ ಮದುವೆಯ ದಿನ ಒಡಪು ಕಟ್ಟಿ ಒಮ್ಮೆ ಹೇಳಿದವಳು, ಆಮೇಲೆ ಬಾಯಿಗೆ ತಂದವಳಲ್ಲ.

"ಇದು ಏನಂತ ಕೇಳಬ್ಯಾಡ್ರಿ, ಯಾರಿಗೂ ಹೇಳಬ್ಯಾಡ್ರಿ, ಹೇಳಿದ್ರ ಬಲ ಹೋಗ್ತದ, ನನ್ನ ಕುಂಕುಮದ ಆಣಿ" ಎಂದು ಮೊದಲ ಲೋಟ ಕೊಟ್ಟೆ. "ಪಥ್ಯ ಅದ. ಹುಳಿ, ಖಾರ, ಎಣ್ಣಿ, ಬ್ಯಾಳಿ ಮುಟ್ಟಬಾರದು."

ಅವರು ಮುಖ ಕಿವುಚಿ ಕುಡಿದು ತಲೆಯಾಡಿಸಿದರು. ಇಲ್ಲ ಎನ್ನುವ ಮಾತು ಆ ಬಾಯಲ್ಲಿ ಹುಟ್ಟಿಯೇ ಇಲ್ಲ. ಆ ಗುಣಕ್ಕಾಗಿಯೇ ನಾನು ಅವರನ್ನು ಮೆಚ್ಚಿದ್ದು, ಆ ಗುಣಕ್ಕಾಗಿಯೇ ದಿನಕ್ಕೆ ನಾಲ್ಕು ಸಲ ಬೈಯುತ್ತಿದ್ದದ್ದು.

ಇನ್ನು ನಮ್ಮ ಅತ್ತೆ ಸೋಮವ್ವ. ಒಂದೇ ಖೋಲಿ, ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದ. ಅದರಲ್ಲಿ ನಾವು ಮೂವರು. ಎರಡು ವರ್ಷದಿಂದ ನನಗೂ ಅತ್ತೆಗೂ ಮಾತಿರಲಿಲ್ಲ. ಅತ್ತೆ ಕುಟ್ಟಿದ ಚಟ್ನಿಪುಡಿ ತಿಂದು ನೆಂಟರ ಮುಂದೆ ನಾನು "ಶೇಂಗಾ ಹಿಂಡಿಗೆ ಉಪ್ಪು ಜಾಸ್ತಿಯಾಗ್ಯಾದ" ಎಂದದ್ದು ಕಾರಣ. ಉಪ್ಪು ಜಾಸ್ತಿಯಾಗಿದ್ದು ನಿಜ, ಈಗಲೂ ಹೇಳುತ್ತೇನೆ. ಅವತ್ತಿನಿಂದ ಅತ್ತೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು, ನಾನು ಸ್ಟೌವಿಗೆ ಹೇಳುತ್ತಿದ್ದೆ. ಬೆಳಗಿನ ನಲ್ಲಿ ಅವರ ಪಾಲು, ಸಂಜೆಯ ನಲ್ಲಿ ನನ್ನ ಪಾಲು. ಅವರು ಕೊಡ ಹಿಡಿದು ಸಾಲಿನಲ್ಲಿ ನಿಂತ ಹೊತ್ತಿಗೆ ನಾನು ಗಂಡನಿಗೆ ಔಷಧ ಕುಡಿಸುತ್ತಿದ್ದೆ. ನನ್ನ ಗುಟ್ಟು ಭದ್ರವಾಗಿತ್ತು.

ಪ್ರತಿ ರವಿವಾರ ಸಯನ್ ಸ್ಟೇಷನ್ನಿನ ತೂಕದ ಯಂತ್ರದ ಮೇಲೆ ಅವರನ್ನು ನಿಲ್ಲಿಸುತ್ತಿದ್ದೆ. ನಾಣ್ಯ ಹಾಕಿದರೆ ದೀಪಗಳು ಗಿರಗಿರ ತಿರುಗಿ ದಪ್ಪ ಚೀಟಿಯೊಂದು ಬೀಳುತ್ತದೆ. ಒಂದು ಮಗ್ಗುಲಲ್ಲಿ ತೂಕ, ಇನ್ನೊಂದರಲ್ಲಿ ಭವಿಷ್ಯ. ಮೊದಲ ವಾರ ನಲವತ್ತಾರು. ಎರಡನೇ ವಾರವೂ ನಲವತ್ತಾರು. ಮೂರನೇ ವಾರ ನಲವತ್ತೈದು, ಭವಿಷ್ಯ 'ನಿಮ್ಮ ಪ್ರಭಾವ ಬೆಳೆಯಲಿದೆ' ಎಂದು. ನನಗೆ ತಲೆಬುಡ ತಿಳಿಯಲಿಲ್ಲ. ಅಪ್ಪನ ಔಷಧ ಯಾರಿಗೂ ಹೀಗೆ ಆಗಿದ್ದನ್ನು ಕಂಡಿರಲಿಲ್ಲ. ಕೆಮ್ಮು ಕಡಿಮೆಯಾಗಿತ್ತು, ಜ್ವರ ಬಂದಿರಲಿಲ್ಲ, ಅದೆಲ್ಲ ಹೌದು. ಆದರೆ ಕೆನ್ನೆ ಒಳಗೆ ಹೋಗುತ್ತಿತ್ತು, ಮೆಟ್ಟಿಲು ಹತ್ತುವಾಗ ಕಟಾಂಜನ ಹಿಡಿಯುತ್ತಿದ್ದರು. ನನ್ನ ಕೈಗುಣವೇ ಕೆಟ್ಟದ್ದೇ? ಅಥವಾ ನಿದ್ದೆಯಲ್ಲಿ ಹೆಸರು ಬಾಯಿಬಿಟ್ಟಿದ್ದೆನೇ?

ರಾತ್ರಿ ಊಟಕ್ಕೆ ಕೂತರೆ "ಪೂವಪ್ಪನ ಹೊಟೇಲಿನಾಗ ಉಂಡು ಬಂದೀನಿ" ಎನ್ನುತ್ತಿದ್ದರು. ಪೂವಪ್ಪ ಉಡುಪಿಯ ಕಡೆಯವನು, ಸ್ಟೇಷನ್ನಿನ ಎದುರಿಗೆ ಅವನ ಹೊಟೇಲು, ನಮ್ಮವರೆಂದರೆ ಪ್ರಾಣ. ಸರಿ, ಅಲ್ಲಿ ಉಂಡಿರಬೇಕು ಎಂದುಕೊಂಡೆ. ಮಧ್ಯಾಹ್ನಕ್ಕೆ ನಾಲ್ಕು ಜೋಳದ ರೊಟ್ಟಿ ಕಟ್ಟುತ್ತಿದ್ದೆ, ಡಬ್ಬಿ ತೊಳೆದಂತೆ ಖಾಲಿಯಾಗಿ ಬರುತ್ತಿತ್ತು. ಉಂಡದ್ದೆಲ್ಲ ಎಲ್ಲಿಗೆ ಹೋಗುತ್ತಿತ್ತೋ ಶಿವನೇ ಬಲ್ಲ.

ಕೊನೆಗೆ ತಪ್ಪೆಲ್ಲ ಆ ಕಳ್ಳರದೇ ಎಂದು ತೀರ್ಮಾನಿಸಿದೆ. ಔಷಧದ ಬಳ್ಳಿಯನ್ನು ಕಂಡಕಂಡವರು ಮುಟ್ಟಿದರೆ ಬಲ ಉಳಿಯುತ್ತದೆಯೇ? ಒಂದು ನಿಂಬೆಹಣ್ಣು ಕೊಯ್ದು, ಅರಿಶಿನ ಕುಂಕುಮ ಮೆತ್ತಿ, ಕರಿ ದಾರ ಸುತ್ತಿ ಬೇವಿನ ಬುಡದಲ್ಲಿಟ್ಟು ಬಂದೆ. ನೋಡಿದವರು ಆ ಕಡೆ ತಲೆ ಹಾಕಿಯೂ ಮಲಗಬಾರದು, ಹಾಗಿತ್ತು ನನ್ನ ನಿಂಬೆಹಣ್ಣು.

ಮರುದಿನ ಬೆಳಿಗ್ಗೆ ಗುಡಿಗೆ ಹೋಗಿದ್ದ ಅತ್ತೆ ಬಿಳುಚಿಕೊಂಡು ಬಂದರು. ಒಂದು ಚೊಂಬು ನೀರು ಗಟಗಟ ಕುಡಿದು ಗೋಡೆಗೆ ಹೇಳಿದರು: "ಯಾರೋ ನನ್ನ ಮಗನ ಮ್ಯಾಲ ಮಾಟ ಮಾಡಿಸ್ಯಾರ. ಅವರ ಮನಿ ಹಾಳಾಗ್ಲಿ."

ಇವರಿಗೆ ಹೇಗೆ ಗೊತ್ತಾಯಿತು, ಏನು ಗೊತ್ತಾಯಿತು? ಕೇಳೋಣವೆಂದರೆ ಮಾತಿಲ್ಲ. ಸಂಜೆ ಪೂವಪ್ಪ ಖೋಲಿಗೇ ಬಂದ. ಕೈಯಲ್ಲಿ ಊರಿನ ದೈವದ ಗಂಧಪ್ರಸಾದ.

"ಅಕ್ಕ, ಇದನ್ನು ಅಣವೀರಣ್ಣನ ಹಣೆಗೆ ಹಚ್ಚಿ. ಎಂತದೋ ಉಂಟು ಅವರ ಮೇಲೆ. ನಾನು ಕಣ್ಣಾರೆ ನೋಡಿದ್ದೇನೆ ಮಾರಾಯ್ರೆ."

"ಏನ್ ನೋಡೀರಿ?"

"ಅದು ಹೇಳ್ಲಿಕ್ಕೆ ಆಗುದಿಲ್ಲ" ಎಂದು ಅವನು ಹಣೆಯ ಬೆವರು ಒರೆಸಿಕೊಂಡು ಮೆಟ್ಟಿಲಿಳಿದುಬಿಟ್ಟ.

ದಾರಿಯಲ್ಲಿ ನನ್ನ ನಿಂಬೆಹಣ್ಣು ಕಂಡೇ ಇವರೆಲ್ಲ ಹೆದರಿರಬೇಕು, ನನ್ನ ಗಂಡನ ಮೇಲೆ ನಾನೇ ಮಾಟ ಮಾಡಿದಂತಾಯಿತಲ್ಲ ಎಂದು ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಂದಂತೂ ಮಾಡಿದೆ. ಹೆದರಿಕೆಗೆ ಅರ್ಧ ಲೋಟದ ಔಷಧವನ್ನು ಒಂದು ಲೋಟ ಮಾಡಿದೆ. ಮುಂದಿನ ರವಿವಾರ ತೂಕ ನಲವತ್ತನಾಲ್ಕು.

ಮಿಲ್ಲಿನಲ್ಲಿ ಅವರ ಜೊತೆಗಾರ ಖಂಡಪ್ಪ ಎಂಬುವನಿದ್ದ. ಅವನು ದಾರಿಯಲ್ಲಿ ಸಿಕ್ಕಾಗ ಗುರುತೇ ಹತ್ತಲಿಲ್ಲ. ಗಲ್ಲ ತುಂಬಿ, ಅಂಗಿಯ ಗುಂಡಿ ಬಿಗಿದಿತ್ತು.

"ವೈನಿ, ನಿಮ್ಮ ರೊಟ್ಟಿ ಭಾರಿ ಅವ ನೋಡ್ರಿ" ಎಂದ. "ಒಂದ ತಿಂಗಳದಾಗ ನಾ ಮೂರು ಕಿಲೋ ಏರೀನಿ."

ಇಬ್ಬರ ಜಗಳದಲ್ಲಿ ಮೂರನೆಯವನಿಗೆ ಲಾಭ ಎನ್ನುತ್ತಾರೆ. ಆಗ ಮಾತ್ರ ನನಗೆ ಏನೂ ಹೊಳೆಯಲಿಲ್ಲ. ಗಂಡ ರೊಟ್ಟಿಯನ್ನು ದಾನ ಮಾಡುತ್ತಿದ್ದಾನೆ ಎಂಬ ಸಿಟ್ಟೊಂದೇ ನೆತ್ತಿಗೇರಿತು. ರವಿವಾರ ಕೇಳಿಯೇ ಬಿಡುವುದೆಂದು ಸ್ಟೇಷನ್ನಿಗೆ ಕರೆದುಕೊಂಡು ಹೋದೆ. ಮೊದಲು ತೂಕ, ಆಮೇಲೆ ಜಗಳ. ದೀಪಗಳು ತಿರುಗಿದವು, ಚೀಟಿ ಬಿತ್ತು. ನಲವತ್ತಮೂರು. ನಾನು ಚೀಟಿಯಿಂದ ತಲೆ ಎತ್ತುವಷ್ಟರಲ್ಲಿ ಅವರು ಯಂತ್ರದ ಮೇಲಿಂದ ಹಾಗೇ ಕುಸಿದರು.

ಯಾರು ಕೂಗಿದರೋ, ಯಾರು ನೀರು ಚಿಮುಕಿಸಿದರೋ. ಪೂವಪ್ಪ ಬನಿಯನ್ನಿನಲ್ಲೇ ಓಡಿ ಬಂದು ಅವರನ್ನು ಹೆಗಲಿಗೆ ಹಾಕಿಕೊಂಡ. ಆಸ್ಪತ್ರೆಯ ಮಂಚದ ಮೇಲೆ ಮಲಗಿಸುವ ಹೊತ್ತಿಗೆ ಅತ್ತೆಯೂ ಸೆರಗು ಎಳೆದುಕೊಳ್ಳುತ್ತ ಬಂದರು. ಡಾಕ್ಟರು ಮರಾಠಿ ಹೆಂಗಸು, ನನ್ನದೇ ವಯಸ್ಸು. ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ನಾಡಿ ಹಿಡಿದರು.

"ನಾವ್ ಕಾಯ್?" ಎಂದರು. ಹೆಸರೇನು?

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಅಳುವುದರಲ್ಲಿದ್ದರು.

"ಕಸಲಂ ಔಷಧ್ ದೇತಾ?" ಯಾವ ಔಷಧ ಕೊಡುತ್ತಿದ್ದೀರಿ?

ಅತ್ತೆ ಅಳುವುದನ್ನು ನಿಲ್ಲಿಸಿ ನೆಲ ನೋಡಿದರು. ಪೂವಪ್ಪ ಫ್ಯಾನು ನೋಡಿದ. ಡಾಕ್ಟರಿಗೆ ಸಿಟ್ಟು ಬಂತು. ಏನು ಕೊಟ್ಟಿದ್ದೀರಿ ಅಂತ ಹೇಳದಿದ್ದರೆ ನಾನು ಏನು ಮಾಡಲಿ, ಮನುಷ್ಯ ಬದುಕಬೇಕೋ ಬೇಡವೋ ಎಂದು ಹಿಂದಿಯಲ್ಲಿ ಗದರಿಸಿದರು.

ಹೇಳಿದರೆ ಬಲ ಹೋಗುತ್ತದೆ. ಈ ಮನುಷ್ಯನಲ್ಲಿ ಉಳಿದಿರುವುದೇ ಆ ಬಲವಾಗಿದ್ದರೆ? ಹೇಳಿದ ಗಳಿಗೆಯಲ್ಲೇ ಉಸಿರು ನಿಂತರೆ? ಅಪ್ಪನ ಕೈ ತಲೆಯ ಮೇಲೆ ಇದ್ದಂತೆಯೇ ಅನಿಸಿತು. ಆದರೆ ಮಂಚದ ಮೇಲೆ ಅವರ ಕಾಲು ಕಡ್ಡಿಯಂತೆ ಚಾಚಿದ್ದವು. ಬಲ ಹೋದರೆ ಹೋಗಲಿ, ಮನುಷ್ಯ ಉಳಿಯಲಿ ಎಂದುಕೊಂಡೆ.

"ಹೆಸರು ಅಣವೀರಪ್ಪ" ಎಂದೆ. ಒಡಪಿಲ್ಲದೆ, ನಾಚಿಕೆಯಿಲ್ಲದೆ. "ಔಷಧ ಅಮೃತಬಳ್ಳಿ. ನಾನಽ ಕೊಡ್ತಿದ್ದೆ."

"ಅಯ್ಯಯ್ಯ!" ಅತ್ತೆ ನನ್ನ ರಟ್ಟೆ ಹಿಡಿದು ತಿರುಗಿಸಿದರು. "ನನ್ನ ಔಷಧದ ಹೆಸರು ನಿನಗ ಯಾರ ಹೇಳಿದ್ರು? ನನ್ನ ಬೆನ್ನು ಹತ್ತಿ ಬಂದಿದ್ದೇನ? ಹೆಸರು ಹೇಳಿ ನನ್ನ ಮಗನ್ನ ಕೊಂದ್ಯಲ್ಲ!"

ಎರಡು ವರ್ಷದ ಮೇಲೆ ಅತ್ತೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು.

"ನಿಮ್ಮ ಔಷಧ ಅಂದ್ರ?" ಎಂದೆ.

"ಅಲ್ಲ ಅಕ್ಕ" ಎಂದು ಪೂವಪ್ಪ ನಡುವೆ ಬಂದ. "ಅದು ನಮ್ಮ ಅಜ್ಜಿಯ ಮದ್ದು. ನಾನು ಅಣವೀರಣ್ಣನಿಗೆ ಮಾತ್ರ ಕೊಟ್ಟದ್ದು, ಅವರಿಗೂ ಹೆಸರು ಹೇಳ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತು?"

ಡಾಕ್ಟರು ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರಿಗೂ ಏನೂ ತಿಳಿದಂತಿರಲಿಲ್ಲ. ಅಮೃತಬಳ್ಳಿ ಎಂದರೇನು ಎಂದು ಪೂವಪ್ಪನನ್ನು ಕೇಳಿದರು. "ಗುಳವೇಲ" ಎಂದು ಅವನು ಸಣ್ಣ ದನಿಯಲ್ಲಿ ಹೇಳಿದ. ಗುಳವೇಲ ತಮ್ಮ ಅಜ್ಜಿಯೂ ಕೊಡುತ್ತಿದ್ದಳು, ಅದನ್ನು ಕುಡಿದು ಹೀಗೆ ಯಾರೂ ಬೀಳುವುದಿಲ್ಲ ಎಂದರು ಡಾಕ್ಟರು. ಆಮೇಲೆ ಕೇಳಿದರು: "ಖಾತಾ ಕ್ಯಾ ಹೈ?" ಇವನು ತಿನ್ನುವುದೇನು?

ಅದನ್ನು ಮೂವರೂ ಹೇಳಬೇಕಾಯಿತು. ನನ್ನ ಪಥ್ಯದಲ್ಲಿ ಹುಳಿ, ಖಾರ, ಎಣ್ಣೆ, ಬೇಳೆ ಇಲ್ಲ. ಅತ್ತೆಯ ಪಥ್ಯದಲ್ಲಿ ಹಾಲು, ಮೊಸರು, ಬಾಳೆಹಣ್ಣು, ಅನ್ನ ಇಲ್ಲ. ಅನ್ನ ತಂಪು, ರೊಟ್ಟಿಯೊಂದನ್ನೇ ತಿನ್ನು ಎಂದು ಮಗನಿಂದ ಆಣೆ ಹಾಕಿಸಿಕೊಂಡಿದ್ದರು. ಪೂವಪ್ಪನ ಪಥ್ಯದಲ್ಲಿ ಜೋಳ, ಗೋಧಿ ಇಲ್ಲ. ರೊಟ್ಟಿ ಉಷ್ಣ, ಗಂಜಿಯೊಂದನ್ನೇ ಉಣ್ಣಿ ಎಂದು ಅವನು ದೈವದ ಮೇಲೆ ಆಣೆ ತೆಗೆದುಕೊಂಡಿದ್ದ. ಡಾಕ್ಟರು ಬೆರಳು ಮಡಚುತ್ತ ಹೋದರು. ಕೈ ಮುಷ್ಟಿಯಾಯಿತು. ಉಳಿದದ್ದು ಎಣ್ಣೆಯಿಲ್ಲದ ಸೊಪ್ಪು, ಹಾಲಿಲ್ಲದ ಚಹಾ.

"ಬಳ್ಳಿಯದೇನೂ ತಪ್ಪಿಲ್ಲ" ಎಂದರು ಡಾಕ್ಟರು. "ಇವನಿಗೆ ಬೇರೆ ರೋಗವೇ ಇಲ್ಲ. ಹಸಿವು." ಈಗ ಔಷಧ ನಿಲ್ಲಿಸಿ, ಮುಂದೆ ಬೇಕೆನಿಸಿದರೆ ತಿಳಿದ ವೈದ್ಯರನ್ನು ಕೇಳಿ ಒಬ್ಬರು ಮಾತ್ರ ಕೊಡಿ, ಇವತ್ತಿನಿಂದ ಸ್ವಲ್ಪ ಸ್ವಲ್ಪವಾಗಿ ಎಲ್ಲವನ್ನೂ ಉಣ್ಣಿಸಿ ಎಂದು ಬರೆದುಕೊಟ್ಟರು.

ಅತ್ತೆ ವರಾಂಡದ ಬೆಂಚಿನ ಮೇಲೆ ಕುಸಿದು ಕುಳಿತರು. ಕುಡುಗೋಲು ಅವರದು. ಗುಡಿಗೆ ಹೋಗುವ ನೆವದಲ್ಲಿ ಬಳ್ಳಿ ಕೊಯ್ದು, ಕೆಳಗಿನ ಗಂಗುಬಾಯಿಯ ಖೋಲಿಯಲ್ಲಿ ಜಜ್ಜಿ, ಸಂಜೆ ನಾನು ನಲ್ಲಿಗೆ ಹೋದಾಗ ಕುಡಿಸುತ್ತಿದ್ದರಂತೆ. ತಿರುಚಿ ಕಿತ್ತವನು ಪೂವಪ್ಪ, ಮಧ್ಯಾಹ್ನ ಹೊಟೇಲಿನಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಮೂವರೂ ಸುಳ್ಳು ಮಾಡಹೊರಟು ಮನುಷ್ಯನನ್ನೇ ಮಣ್ಣು ಮಾಡುವುದರಲ್ಲಿದ್ದೆವು.

"ಆ ಲಿಂಬಿಹಣ್ಣು?" ಎಂದರು ಅತ್ತೆ.

"ನಂದಽ" ಎಂದೆ.

ಅತ್ತೆ ಏನೋ ಬೈಯಲು ಬಾಯಿ ತೆರೆದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಅತ್ತರೋ ನನಗೆ ಗೊತ್ತಾಗಲಿಲ್ಲ.

ಸಂಜೆ ಅವರಿಗೆ ಎಚ್ಚರ ಚೆನ್ನಾಗಿ ಬಂದ ಮೇಲೆ ಒಬ್ಬಳೇ ಪಕ್ಕದಲ್ಲಿ ಕುಳಿತೆ. ಪೂವಪ್ಪ ಕಳಿಸಿದ ಗಂಜಿಗೆ ಹಾಲು ಬೆರೆಸಿ ಚಮಚದಲ್ಲಿ ಕುಡಿಸುತ್ತ ಕೇಳಿದೆ.

"ಮೂರೂ ಒಂದಽ ಅಂತ ನಿಮಗ ಗೊತ್ತಾಗಲಿಲ್ಲೇನ್ರಿ?"

"ಮೂರನೇ ದಿನಽ ಗೊತ್ತಾಯ್ತು. ಕಹಿ ಒಂದಽ ಇತ್ತಲ್ಲ."

ಚಮಚ ನನ್ನ ಕೈಯಲ್ಲೇ ನಿಂತಿತು. "ಮತ್ತ ಹೇಳಲಿಕ್ಕೇನಾಗಿತ್ತು ಧಾಡಿ?"

"ಹೇಳಿದ್ರ ಬಲ ಹೋಗ್ತದ ಅಂದಿದ್ಯಲ್ಲ. ಅವ್ವನೂ ಹಂಗಽ ಅಂದಳು. ನಿನ್ನ ಔಷಧ ಬಿಟ್ರ ಅವ್ವ ಗೆದ್ದಂಗ, ಅವ್ವಂದು ಬಿಟ್ರ ನೀ ಗೆದ್ದಂಗ. ನಾ ಕುಡಿಯೋವಾಗ ಇಬ್ಬರ ಮುಖದಾಗೂ ಎಷ್ಟು ಆಸೆ ಇರ್ತಿತ್ತು ನೀಲಾ." ಅವರು ಸ್ವಲ್ಪ ದಣಿವಾರಿಸಿಕೊಂಡರು. "ನೀವಿಬ್ಬರೂ ಮಾತಾಡ್ತಿದ್ರ, ನಾ ಒಂದ ಲೋಟ ಕುಡಿದು ನಾಕು ರೊಟ್ಟಿ ತಿಂತಿದ್ದೆ."

ನನಗೆ ತಡೆಯಲಾಗಲಿಲ್ಲ, ಅತ್ತುಬಿಟ್ಟೆ. ಉಪ್ಪು ಜಾಸ್ತಿಯಾಗಿದ್ದರೂ ಅವತ್ತು ಬಾಯಿ ಮುಚ್ಚಿಕೊಂಡು ತಿನ್ನಬೇಕಿತ್ತು ನಾನು.

ಆಮೇಲೆ ಉಳಿದದ್ದು ಇಪ್ಪತ್ತೈದು ದಿನ. ಅತ್ತೆ ರೊಟ್ಟಿ ಬಡಿದರು, ನಾನು ಅನ್ನ ಬಸಿದೆ. ಪೂವಪ್ಪ ದಿನಾ ಒಂದು ತಂಬಿಗೆ ಗಟ್ಟಿ ಹಾಲು ಕಳಿಸಿದ. ಮೊದಮೊದಲು ಅತ್ತೆಯೂ ನಾನೂ ಆಡಿದ್ದು ಎರಡೇ ಮಾತು, "ಉಂಡನೇನ?" "ಉಂಡ್ರು." ಖಂಡಪ್ಪನಿಗೆ ರೊಟ್ಟಿ ತಪ್ಪಿ ಮುಖ ಸಣ್ಣದಾಯಿತೆಂದು ಸುದ್ದಿ ಬಂತು. ಆದರೆ ತೂಕ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಆ ಯಂತ್ರದ ಹೆಸರೆತ್ತಿದರೆ ಅತ್ತೆ ಎದ್ದು ಹೊರಗೆ ಹೋಗುತ್ತಿದ್ದರು.

ಸೆಪ್ಟೆಂಬರ್ ಮೂವತ್ತರ ಸಂಜೆ ಮೂವರೂ ಸ್ಟೇಷನ್ನಿಗೆ ಹೋದೆವು. ಅವರು ಚಪ್ಪಲಿ ಬಿಟ್ಟು, ದೇವರ ಪೀಠ ಹತ್ತಿದಂತೆ ಯಂತ್ರದ ಮೇಲೆ ನಿಂತರು. ಆಚೆ ಬದಿಗೆ ಅತ್ತೆ, ಈಚೆ ಬದಿಗೆ ನಾನು. ಮತ್ತೆ ಬಿದ್ದಾರು ಎಂದು ನಾನು ಅವರ ಹೆಗಲ ಮೇಲೆ ಕೈಯಿಟ್ಟೆ. ಬೀಳುವ ಭಯಕ್ಕೆ ಇಟ್ಟದ್ದು ನಿಜ. ಇಟ್ಟ ಮೇಲೆ ಸ್ವಲ್ಪ ಒತ್ತಿದ್ದೂ ನಿಜ. ಲೋಕಲ್ ಒಂದು ಸದ್ದು ಮಾಡುತ್ತ ಬಂತು, ದೀಪಗಳು ತಿರುಗಿದವು, ಚೀಟಿ ಬಿತ್ತು. ಐವತ್ತೆರಡು!

"ಐವತ್ತೆರಡು!" ಎಂದು ಅವರು ಮಗುವಿನಂತೆ ಕೂಗಿದರು.

ಇಪ್ಪತ್ತೈದು ದಿನಕ್ಕೆ ಒಂಬತ್ತು ಕಿಲೋ? ನಾನು ಒತ್ತಿದ್ದು ಅಷ್ಟೊಂದಲ್ಲ. ತಲೆ ತಗ್ಗಿಸಿ ನೋಡಿದೆ. ಆಚೆ ಬದಿಯಲ್ಲಿ, ಸೀರೆಯ ನೆರಿಗೆಯ ಮರೆಯಲ್ಲಿ, ಅತ್ತೆಯ ಬಲಗಾಲು ಯಂತ್ರದ ಅಂಚನ್ನು ಬಲವಾಗಿ ಮೆಟ್ಟಿಕೊಂಡಿತ್ತು. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು.

ಅತ್ತೆ ನನ್ನ ಕಣ್ಣು ನೋಡಿದರು. ನಾನು ಅವರ ಕಣ್ಣು ನೋಡಿದೆ. ಇಬ್ಬರೂ ಸುಮ್ಮನಿದ್ದುಬಿಡಬಹುದಿತ್ತು, ಸುಮ್ಮನಿರುವುದರಲ್ಲಿ ನಮ್ಮನ್ನು ಮೀರಿಸಿದವರಿರಲಿಲ್ಲ. ಆದರೆ ನಾಳೆ ಮಿಲ್ಲಿನ ಡಾಕ್ಟರ ತಕ್ಕಡಿಯ ಮೇಲೆ ಅವರೊಬ್ಬರೇ ನಿಲ್ಲಬೇಕು.

"ಅತ್ತಿ, ಕಾಲು ತಗೀರಿ" ಎಂದೆ.

"ಮೊದಲ ನೀ ಕೈ ತಗಿ" ಎಂದರು ಅತ್ತೆ.

ಇಬ್ಬರೂ ಒಂದೊಂದು ಹೆಜ್ಜೆ ಹಿಂದೆ ಸರಿದೆವು. ಅವರ ಮುಖದ ನಗೆ ಮಾಯವಾಗಿತ್ತು. ಅತ್ತೆ ಸೊಂಟದ ಸಂಚಿ ಬಿಚ್ಚಿ ಇನ್ನೊಂದು ನಾಣ್ಯ ತೆಗೆದು ಹಾಕಿದರು. ದೀಪಗಳು ಮತ್ತೆ ತಿರುಗತೊಡಗಿದವು. ಅತ್ತೆ ನನ್ನ ಕೈ ಹಿಡಿದದ್ದು ನನಗೆ ಆಮೇಲೆ ಗೊತ್ತಾಯಿತು, ಬಳೆ ಒತ್ತಿ ನೋವಾದಾಗ. ಚೀಟಿ ಬಿತ್ತು. ತೆಗೆಯಲು ಇಬ್ಬರೂ ಬಾಗಿ ತಲೆಗೆ ತಲೆ ತಾಗಿಸಿಕೊಂಡೆವು.

ನಲವತ್ತೆಂಟೂವರೆ.

ಮರುದಿನ ಅವರು ತಂದ ಪರ್ಮನೆಂಟ್ ಕಾಗದ ಅತ್ತೆ ತೀರಿಕೊಳ್ಳುವವರೆಗೂ ಅವರ ಟ್ರಂಕಿನಲ್ಲಿತ್ತು. ಎರಡನೇ ಚೀಟಿ ನನ್ನ ಹತ್ತಿರವಿದೆ. ಅವತ್ತು ಸ್ಟೇಷನ್ನಿನಿಂದ ಹಿಂದಿರುಗುವಾಗ ಅವರು ನಮ್ಮಿಬ್ಬರ ನಡುವೆ ನಡೆಯುತ್ತ, ಇವತ್ತು ಅನ್ನವೋ ರೊಟ್ಟಿಯೋ ಎಂದು ಕೇಳಿದರು. "ಎರಡೂ" ಎಂದೆವು ನಾವು, ಒಂದೇ ಬಾಯಿಂದ. ಅತ್ತೆ ನಾಲ್ಕು ಹೆಜ್ಜೆ ನಡೆದು ನನ್ನ ಕಡೆ ತಿರುಗಿ ಕೇಳಿದರು:

"ಹಿಂಡಿಗೆ ಉಪ್ಪು ಎಷ್ಟು ಹಾಕ್ಲಿ? ನೀನಽ ಹೇಳು."